ಹಿಂದಿನ ಸೀಟಿನ ಕೆಳಗೆ

ಬೆರಳು ಚುರ್ ಎಂದಾಗಲೇ ಇನ್ಸ್‌ಪೆಕ್ಟರ್‌ಗೆ ಆ ತೂತು ಸಿಕ್ಕಿದ್ದು.

ವ್ಯಾನಿನೊಳಗೆ ಮಂಡಿಯೂರಿ, ಹಿಂದಿನ ಸೀಟಿನ ಕೆಳಗೆ ಮೊಣಕೈವರೆಗೂ ಕೈ ತೂರಿಸಿ ಅವಳು ನೆಲ ತಡವುತ್ತಿದ್ದಳು. ಕೈಗೆ ಮರಳು ಸಿಕ್ಕಿತ್ತು, ಮಾತ್ರೆ ಮುಗಿದ ಖಾಲಿ ಹಾಳೆ ಸಿಕ್ಕಿತ್ತು, ತಲೆಗೂದಲಿನ ಒಂದು ಕ್ಲಿಪ್ಪು ಸಿಕ್ಕಿತ್ತು. ಆಮೇಲೆ ಇದು. ಕೈ ಹೊರಗೆಳೆದು ನೋಡಿದರೆ ತೋರುಬೆರಳ ತುದಿಯಲ್ಲಿ ಸಣ್ಣ ಸೀಳು, ಅದರ ಮೇಲೆ ಸಾಸಿವೆ ಕಾಳಿನಷ್ಟು ರಕ್ತ.

ಟಾರ್ಚ್ ಕೇಳಿದಳು. ಹೊರಗೆ ನಿಂತಿದ್ದ ಪೇದೆ ಎತ್ತರದ ಆಸಾಮಿ. ವ್ಯಾನಿನೊಳಗೆ ಬರಬೇಕಾದರೆ ಕೊಡೆ ಮಡಚಿದ ಹಾಗೆ ಮಡಚಿಕೊಳ್ಳಬೇಕು. ತಲೆ ಮಾತ್ರ ಒಳಗೆ ಹಾಕಿ ಟಾರ್ಚ್ ಕೊಟ್ಟ, ತಲೆಯನ್ನು ಛಾವಣಿಗೆ ಬಡಿಸಿಕೊಂಡು ಹಿಂದೆ ಸರಿದ.

ಇದೇ ವ್ಯಾನಿನಲ್ಲಿ, ಇದೇ ಸೀಟಿನ ಮೇಲೆ, ಅದರ ಚಾಲಕ ಹೋದ ವಾರ ನಡುಮಧ್ಯಾಹ್ನ ಆಸ್ಪತ್ರೆಯ ಎದುರು ಸತ್ತು ಮಲಗಿದ್ದ. ಎಂಜಿನ್ ಓಡುತ್ತಿತ್ತು, ಹೊಸದಾಗಿ ಹಾಕಿಸಿದ ಏಸಿ ತಣ್ಣಗೆ ಬೀಸುತ್ತಿತ್ತು, ರಕ್ತದಲ್ಲಿ ಹೊಗೆಯ ವಿಷವಿತ್ತು.

ಸೀಟಿನ ಅಂಚಿನಿಂದ ನೆಲದವರೆಗೂ ಇಳಿಬಿದ್ದಿದ್ದ ರೆಕ್ಸಿನ್ ಝಾಲರನ್ನು ಎತ್ತಿ ಹಿಡಿದು ಅವಳು ಬೆಳಕು ಬಿಟ್ಟಳು. ಹೆಬ್ಬೆರಳು ಸಲೀಸಾಗಿ ತೂರುವಷ್ಟು ದೊಡ್ಡ ದುಂಡನೆಯ ತೂತು. ಸುತ್ತ ತಗಡು ಹೊಳೆಯುತ್ತಿತ್ತು. ತುಕ್ಕು ಹಿಡಿಯುವಷ್ಟು ಹಳೆಯದಲ್ಲ. ಅಂಚಿನ ತಗಡು ಸಣ್ಣ ಸಣ್ಣ ಹಲ್ಲುಗಳಂತೆ ಮೇಲಕ್ಕೆ, ಅವಳ ಕಡೆಗೆ ಎದ್ದು ನಿಂತಿತ್ತು. ಬೆರಳು ಕುಯ್ದದ್ದು ಅದೇ. ತೂತಿನೊಳಗಿಂದ ಕೆಳಗಿನ ಸಿಮೆಂಟ್ ನೆಲ ಕಾಣುತ್ತಿತ್ತು. ಅದರ ಪಕ್ಕದಲ್ಲೇ ಸೈಲೆನ್ಸರ್ ಪೈಪಿನ ಜೋಡಣೆ. ಪೈಪು ಬಿಗಿಯುವ ಕ್ಲ್ಯಾಂಪು ಸಡಿಲವಾಗಿ ಜೋತಾಡುತ್ತಿತ್ತು.

ಒಂದು ವಾರದಿಂದ ಈ ವ್ಯಾನನ್ನು ಎಷ್ಟೋ ಕಣ್ಣುಗಳು ನೋಡಿದ್ದವು. ಅವಳ ಕಣ್ಣೂ ಸೇರಿ. ಎಲ್ಲರೂ ನೋಡಿದ್ದು ಏಸಿಯನ್ನು. ಸೀಟಿನ ಕೆಳಗೆ ಯಾರೂ ಕೈ ಹಾಕಿರಲಿಲ್ಲ.

"ಐಸಣ್ಣನ್ನ ಕರೀರಿ," ಎಂದಳು.

*

ಐಸಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಏಸಿ ಇಲ್ಲದೆ ಹುಟ್ಟಿದ ಹಳೇ ಗಾಡಿಗಳಿಗೆ ಏಸಿ ಕೂರಿಸುವುದು ಅವನ ಕಸುಬು. ತಗಡಿನ ಮಾಡಿನ ಅವನ ಶೆಡ್ಡಿನಲ್ಲಿ ಫ್ಯಾನ್ ಕೂಡ ಇರಲಿಲ್ಲ. ಬೇರೆಯವರಿಗೆ ತಂಪು ಮಾಡಿಕೊಡುವವನು ತಾನು ಮಾತ್ರ ಬೆವರಿನಲ್ಲಿ ಅದ್ದಿ ತೆಗೆದಂತೆ ಓಡಾಡುತ್ತಾನೆ ಎಂದು ಬೀದಿಯವರು ನಗುತ್ತಿದ್ದರು. ಮೊದಲೆಲ್ಲ ಅವನೂ ನಗುತ್ತಿದ್ದನಂತೆ. ಈ ಒಂದು ವಾರದಲ್ಲಿ ಅವನ ಮುಖ ಇಳಿದು, ಗಲ್ಲದ ಮೂಳೆ ಎದ್ದು ಕಾಣುತ್ತಿತ್ತು. ಅವನು ಹಾಕಿದ ಏಸಿಯೇ ಆಳನ್ನು ಕೊಂದಿತು ಎಂದು ಊರೆಲ್ಲ ಹಬ್ಬಿತ್ತು. ಶೆಡ್ಡಿಗೆ ಒಂದು ಗಾಡಿಯೂ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ವ್ಯಾನನ್ನು ಮತ್ತೆ ಇಲ್ಲಿಗೇ ಎಳೆಸಿ ತಂದದ್ದು, ಅವನು ಹೇಗೆ ಕೂರಿಸಿದನೋ ಹಾಗೆಯೇ ತನ್ನೆದುರು ಒಂದೊಂದಾಗಿ ಬಿಚ್ಚಿ ತೋರಿಸಲಿ ಎಂದು. ಬೆಳಗಿನಿಂದ ಅವನು ಅದನ್ನೇ ಮಾಡುತ್ತಿದ್ದ. ಕಂಪ್ರೆಸರ್ ಯಾವುದೋ ಗುಜರಿ ಕಾರಿನದು. ಅದನ್ನು ಎಂಜಿನ್ನಿಗೆ ಅಂಟಿಸಲು ದಪ್ಪ ಪಟ್ಟಿ ಕೊಯ್ದು ಬೆಸುಗೆ ಹಾಕಿದ್ದ. ಮೊದಲಿಗಿಂತ ಉದ್ದದ ಬೆಲ್ಟ್ ಹಾಕಿದ್ದ. ರೇಡಿಯೇಟರ್ ಮುಂದೆ ಕಂಡೆನ್ಸರ್ ನಿಲ್ಲಿಸಿ ಎರಡು ಫ್ಯಾನ್ ಕಟ್ಟಿದ್ದ. ಏಸಿ ಹಾಕಿದಾಗ ಹಳೇ ಎಂಜಿನ್ನಿಗೆ ದಮ್ಮು ಕಟ್ಟಿ ನಿಂತುಹೋಗದ ಹಾಗೆ, ನಿಂತಲ್ಲೇ ಸ್ವಲ್ಪ ಜೋರಾಗಿ ಓಡುವಂತೆ ತಿರುಪು ತಿರುಗಿಸಿದ್ದ. ಗ್ಯಾಸ್ ಹೋಗುವ ಎರಡು ಹೋಸ್ ಪೈಪುಗಳನ್ನು ನೆಲದಡಿಯಲ್ಲಿ ಹಿಂದಕ್ಕೆ ಒಯ್ದು, ಚಾಲಕನ ಬೆನ್ನಿನ ಹಿಂದೆ ಎರಡು ತೂತು ಕೊರೆದು ಒಳಗೆ ತಂದಿದ್ದ.

ಆ ಎರಡು ತೂತುಗಳ ಬಗ್ಗೆಯೇ ಮೊದಲಿನಿಂದ ಜಗಳ. ಒಂದಕ್ಕೆ ರಬ್ಬರ್ ಬಳೆ ತೊಡಿಸಿ, ಸುತ್ತ ಕಪ್ಪು ಬಣ್ಣ ಬಳಿದಿದ್ದ. ಇನ್ನೊಂದನ್ನು ಬಿಚ್ಚುವಾಗ ಅವನ ಕೈ ನಿಧಾನವಾಗಿತ್ತು. ಅಲ್ಲಿ ಬಳೆ ಇರಲಿಲ್ಲ. ಒಂದು ಮುದ್ದೆ ಸ್ಪಂಜು ತುರುಕಿ ಮೇಲೆ ಟೇಪ್ ಸುತ್ತಿದ್ದ. ಬಳೆ ಮುಗಿದಿತ್ತು, ಚಾಲಕ ಅವಸರ ಮಾಡಿದ, ಆಮೇಲೆ ಹಾಕಿದರಾಯಿತು ಅಂದುಕೊಂಡೆ ಎಂದು ಹೇಳಿದ್ದ. ರಾತ್ರಿಯೆಲ್ಲ ಆ ಸ್ಪಂಜಿನ ಮುದ್ದೆ ಕಣ್ಣೆದುರು ಬರುತ್ತದೆ, ತಾನೇ ಅವನನ್ನು ಕೊಂದೆ ಅನ್ನಿಸುತ್ತದೆ ಎಂದೂ ಹೇಳಿದ್ದ.

ಈಗ ಅವನು ಸೀಟಿನ ಕೆಳಗಿನ ತೂತನ್ನು ಬಗ್ಗಿ ಬಗ್ಗಿ ನೋಡಿದ.

"ಇದು ನಂದಲ್ಲ ಮೇಡಂ," ಎಂದ ಕೊನೆಗೆ.

"ನಿಂದಲ್ಲ ಅಂತ ಹೇಳೋಕೆ ಯಾರಿಗೂ ಕಷ್ಟ ಇಲ್ಲ."

"ನಾನು ಇಲ್ಲಿ ಕೊರೆಯೋದಾದ್ರೂ ಯಾಕೆ? ಏಸಿ ನೀರು ಹೋಗೋ ಪೈಪು ಆ ಕಡೆ ಮೂಲೇಲಿದೆ. ಹೋಸು ಮುಂದಿದೆ. ಇಲ್ಲಿಂದ ಏನೂ ಹೋಗಲ್ಲ, ಏನೂ ಬರಲ್ಲ."

ಅದು ನಿಜವೇ ಎಂದು ಅವಳು ತಾನೇ ಟಾರ್ಚ್ ಹಿಡಿದು ನೋಡಿದಳು. ಯಾವ ಪೈಪೂ, ಯಾವ ವೈರೂ ಆ ತೂತಿನ ಹತ್ತಿರ ಸುಳಿದಿರಲಿಲ್ಲ. ಆಮೇಲೆ ಎಂಜಿನ್ ಶುರು ಮಾಡಿಸಿ, ಬಿಚ್ಚದೆ ಉಳಿದಿದ್ದ ಏಸಿ ಪೆಟ್ಟಿಗೆಯ ಫ್ಯಾನ್ ಹಾಕಿಸಿದಳು. ಪೇದೆಯ ಜೇಬಿನಿಂದ ಒಂದು ಸಿಗರೇಟ್ ಇಸಿದುಕೊಂಡು ಹಚ್ಚಿ, ಅದನ್ನು ಝಾಲರಿನ ಅಡಿ ತೂತಿನ ಬಾಯಿಗೆ ಹಿಡಿದಳು. ಹೊಗೆ ಅತ್ತಿತ್ತ ಅಲೆಯಲಿಲ್ಲ. ಯಾರೋ ದಾರ ಹಿಡಿದು ಎಳೆದಂತೆ ನೆಟ್ಟಗೆ ಹಿಂದಕ್ಕೆ, ಸೀಟಿನ ಬೆನ್ನಿಗಿದ್ದ ಆ ಪೆಟ್ಟಿಗೆಯ ಕೆಳಗಿನ ಜಾಲರಿಯೊಳಕ್ಕೆ ಹೋಯಿತು.

"ಆ ಪೆಟ್ಟಿಗೆ ಏನು ಮಾಡುತ್ತೆ?" ಎಂದು ಕೇಳಿದಳು, ಉತ್ತರ ಗೊತ್ತಿದ್ದೂ.

"ಕೆಳಗಿನ ಗಾಳಿ ಎಳ್ಕೊಂಡು ತಣ್ಣಗೆ ಮಾಡಿ ಮೇಲಿನ ಕಿಂಡಿಯಿಂದ ಬಿಡುತ್ತೆ," ಎಂದವನೇ ಐಸಣ್ಣ ಕೈಚಾಚಿ ಫ್ಯಾನ್ ಆರಿಸಿಬಿಟ್ಟ.

ಮೇಲಿನ ಕಿಂಡಿ ಇದ್ದದ್ದು ಸೀಟಿನಲ್ಲಿ ಕೂತವರ ಮುಖಕ್ಕೆ ಸರಿಯಾಗಿ. ಮುಂದೆ, ಚಾಲಕನ ಬೆನ್ನಿನ ಹಿಂದೆ, ದಪ್ಪ ಪ್ಲಾಸ್ಟಿಕ್ ಪರದೆ. ಸಣ್ಣ ಏಸಿ, ದೊಡ್ಡ ವ್ಯಾನು. ತಂಪು ಹಿಂದೆಯೇ ನಿಲ್ಲಲಿ ಎಂದು ಹಾಕಿದ್ದು. ಅಲ್ಲಿ ಬಿಡುವ ವಿಷ ಅಲ್ಲೇ ನಿಲ್ಲುತ್ತದೆ. ಮುಂದೆ ಕಿಟಕಿ ಇಳಿಸಿ ಮೊಣಕೈ ಹೊರಗಿಟ್ಟು ಗಾಡಿ ಓಡಿಸುವವನಿಗೆ ಸೀನು ಕೂಡ ಬರುವುದಿಲ್ಲ.

ಅವಳು ಕೆಳಗಿಳಿದು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಹೊರಗೆ ಬಿಸಿಲು ಕಾದ ಹಂಚಿನ ಹಾಗಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿದಳು. ಚಾಲಕ ಓಡಿಸುವವನು. ಹಿಂದಿನ ಸೀಟು ಅವನದಲ್ಲ. ಅಂದು ಕಾಯುತ್ತ ಕೂರಲು ನೆರಳಿರಲಿಲ್ಲವೆಂದು ಹಿಂದೆ ಬಂದು ಮಲಗಿದ, ಅಷ್ಟೆ. ಈ ತೂತು ಅವನಿಗಾಗಿ ಕೊರೆದದ್ದಲ್ಲ.

"ಆ ಸೀಟಲ್ಲಿ ಯಾರು ಕೂರ್ತಾ ಇದ್ದರು?"

ಪೇದೆ ತಲೆ ಉಜ್ಜಿಕೊಳ್ಳುತ್ತ ಹೇಳಿದ. ವಾರದಲ್ಲಿ ಮೂರು ದಿನ ಆ ವ್ಯಾನು ಓಡುತ್ತಿದ್ದದ್ದು ಒಬ್ಬಳಿಗಾಗಿ. ಈಜು ಕಲಿಸುತ್ತಿದ್ದ ಹೆಂಗಸು. ಎರಡು ವರ್ಷದಿಂದ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಮೇಲೆ ಬದುಕಿರುವವಳು. ಉಳಿದ ದಿನ ಚಾಲಕ ಹೂಕುಂಡ, ಕುರ್ಚಿ, ಸಿಕ್ಕಿದ್ದು ಸಾಗಿಸುತ್ತಿದ್ದ. ಏಸಿ ಹಾಕಿಸಿದ್ದೂ ಅವಳ ಸಲುವಾಗಿಯೇ. ಬೆಳಿಗ್ಗೆ ಹೋಗುವಾಗ ತಂಪಿರುತ್ತದೆ, ಕಿಟಕಿ ತೆಗೆದೇ ಹೋಗುತ್ತಿದ್ದರು; ಮಧ್ಯಾಹ್ನ ಸೋತು ಸುಣ್ಣವಾಗಿ ಮರಳುವಾಗ ಕಿಟಕಿ ಮುಚ್ಚಿ ಏಸಿ.

ಇನ್ಸ್‌ಪೆಕ್ಟರ್‌ಗೆ ಈಗ ಅದರ ಲೆಕ್ಕಾಚಾರ ಕಂಡಿತು. ಡಯಾಲಿಸಿಸ್ ಮುಗಿಸಿ ಬರುವ ರೋಗಿಗೆ ತಲೆಸುತ್ತು ಬಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ವಾಂತಿ ಆದರೆ ಆಶ್ಚರ್ಯಪಡುವುದಿಲ್ಲ. ಒಂದು ದಿನ ಮನೆ ಮುಟ್ಟುವಾಗ ಉಸಿರೇ ಇಲ್ಲದಿದ್ದರೆ, ಪಾಪ, ಬಹಳ ನರಳಿದ್ದಳು, ಮುಕ್ತಿ ಸಿಕ್ಕಿತು ಅನ್ನುತ್ತಾರೆ. ರಕ್ತ ಪರೀಕ್ಷೆ ಯಾರು ಮಾಡಿಸುತ್ತಾರೆ? ಚಾಲಕ ಗಟ್ಟಿಮುಟ್ಟಾದ ಆಳಾಗಿದ್ದನಾದ್ದರಿಂದ ಈ ಗುಟ್ಟು ಹೊರಬಿತ್ತು. ಅವನು ಸತ್ತು ಅವಳನ್ನು ಉಳಿಸಿದ್ದ.

"ಆ ಸೀಟು ಯಾರು ಹೊಲಿದದ್ದು? ಈ ಪರದೆ?" ಎಂದು ಐಸಣ್ಣನನ್ನು ಕೇಳಿದಳು.

"ಅವರ ಮನೆಯೋರಲ್ಲೇ ಒಬ್ಬ ಮೇಡಂ. ಆ ಯಮ್ಮನ ತಂಗಿ ಗಂಡ. ಗಾಡಿ ಸೀಟು ಹೊಲಿಯೋ ಕಸುಬು ಅವನದು. ನಾನು ಏಸಿ ಕೂರಿಸಿದ ಮಾರನೇ ದಿನ ಇಲ್ಲೇ ಬಂದು ಸೀಟು ಬಿಚ್ಚಿ, ಹೊಸದು ಹೊಲಿದು ಹಾಕಿ ಹೋದ."

*

ಸೀಟು ಹೊಲಿಯುವವನ ಅಂಗಡಿ ಮುಂದೆ, ಮನೆ ಹಿಂದೆ. ಅಂಗಡಿ ದಾಟಿಯೇ ಮನೆಗೆ ಹೋಗಬೇಕು. ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮಂಚದಷ್ಟು ದೊಡ್ಡ ಫೋಮ್ ಹಾಳೆಗಳು, ಕಾಲಡಿಯಲ್ಲಿ ದಾರದ ತುಂಡು. ಹೊಲಿಗೆ ಯಂತ್ರದ ಸೂಜಿಯಡಿ ಅರ್ಧ ಹೊಲಿದ ಬೈಕ್ ಸೀಟು ಹಾಗೆಯೇ ಇತ್ತು.

ಒಳಕೋಣೆಯ ಕಿಟಕಿಯ ಪಕ್ಕ, ಈಜು ಕಲಿಸುತ್ತಿದ್ದ ಅಕ್ಕ ಕೂತಿದ್ದಳು. ಅಗಲ ಭುಜದ ಹೆಂಗಸು. ಮೈ ಕರಗಿ ಹೋಗಿದ್ದರೂ ಭುಜ ಮಾತ್ರ ಕರಗಿರಲಿಲ್ಲ. ಬೇರೆ ಯಾರದೋ ಅಂಗಿಯನ್ನು ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿದ್ದಳು. ಎಡಗೈಯಲ್ಲಿ, ಸೂಜಿ ಚುಚ್ಚುವ ಕಡೆ, ನರ ಹಗ್ಗದಂತೆ ಉಬ್ಬಿತ್ತು. ಪಕ್ಕದ ಸ್ಟೂಲಿನ ಮೇಲೆ ಪುಟ್ಟ ಲೋಟದಲ್ಲಿ ನೀರು. ಸಂಜೆಯವರೆಗೆ ಅವಳಿಗೆ ಅಷ್ಟೇ. ಜೀವನವೆಲ್ಲ ನೀರಿನಲ್ಲೇ ಕಳೆದವಳು ಈಗ ಗುಟುಕು ಗುಟುಕಾಗಿ ಅಳೆದು ಕುಡಿಯಬೇಕಾಗಿತ್ತು.

ತಂಗಿ ಅಡುಗೆ ಕೋಣೆಯಲ್ಲಿದ್ದಳು. ಸಾಮಾನಿನ ಸದ್ದು ಕೇಳುತ್ತಿತ್ತು. ತಂಗಿಯ ಗಂಡ ಕೈ ಒರೆಸಿಕೊಳ್ಳುತ್ತ ಬಂದು, ಇನ್ಸ್‌ಪೆಕ್ಟರ್‌ಗೆ ಕುರ್ಚಿ ಎಳೆದು ಹಾಕಿ, ತಾನು ಗೋಡೆಗೆ ಒರಗಿ ನಿಂತ.

ಅವಳು ಸುತ್ತಿ ಬಳಸಲಿಲ್ಲ. ಸೀಟಿನ ಕೆಳಗೆ ತೂತು ಸಿಕ್ಕಿದ್ದು, ಹೊಗೆ ಅದರಿಂದ ಬಂದದ್ದು, ಅದು ಚಾಲಕನಿಗೆ ಅಲ್ಲ, ಆ ಸೀಟಿನಲ್ಲಿ ಯಾವಾಗಲೂ ಕೂರುವವರಿಗೆ ಮಾಡಿದ್ದು ಎಂದು ಹೇಳಿದಳು. ಹೇಳುತ್ತ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ತನ್ನನ್ನು ಕೊಲ್ಲಲು ಯಾರೋ ಹೊಂಚಿದ್ದರು ಎಂದು ಕೇಳಿದವರ ಮುಖದಲ್ಲಿ ಏನಾದರೂ ಒಂದು ಕದಲಬೇಕು. ಅಕ್ಕನ ಮುಖದಲ್ಲಿ ಏನೂ ಕದಲಲಿಲ್ಲ.

ಈ ಮನೆಯಲ್ಲಿ ಸದ್ಯ ಏನು ನಡೆಯುತ್ತಿದೆ ಎಂದು ಕೇಳಿದಳು. ಉತ್ತರ ಕೊಟ್ಟದ್ದು ತಂಗಿಯ ಗಂಡ. ಮುಂದಿನ ತಿಂಗಳು ಆಪರೇಷನ್. ತಂಗಿಯ ಒಂದು ಮೂತ್ರಪಿಂಡವನ್ನು ಅಕ್ಕನಿಗೆ ಹಾಕುವುದೆಂದು ನಿಶ್ಚಯವಾಗಿದೆ. ಪರೀಕ್ಷೆಗಳೆಲ್ಲ ಮುಗಿದಿವೆ, ಹೊಂದಿಕೆಯಾಗಿದೆ. ಇದನ್ನು ಅವನು ಒಂದೇ ದನಿಯಲ್ಲಿ, ಒಪ್ಪಿಸಿದ ಪಾಠದಂತೆ ಹೇಳಿದ.

ಅಷ್ಟರಲ್ಲೇ ಇನ್ಸ್‌ಪೆಕ್ಟರ್‌ಗೆ ಅರ್ಧ ಕತೆ ಕಂಡಂತಾಯಿತು. ಸೀಟು ಬಿಚ್ಚಿ ಹಾಕಿದವನು ಇವನು. ಹೆಂಡತಿಯ ಹೊಟ್ಟೆ ಕೊಯ್ಯಿಸಲು ಇಷ್ಟವಿಲ್ಲದವನೂ ಇವನೇ ಇರಬಹುದು. ಅಕ್ಕ ಅದಕ್ಕೂ ಮುಂಚೆ ಹೋಗಿಬಿಟ್ಟರೆ ಯಾರಿಗೂ ಬೇಡ ಎನ್ನುವ ಕಷ್ಟವಿರುವುದಿಲ್ಲ.

"ನಿಮಗೆ ಈ ಆಪರೇಷನ್ ಇಷ್ಟ ಇತ್ತಾ?" ಎಂದು ಕೇಳಿದಳು.

ಅವನು ಅಡುಗೆ ಕೋಣೆಯ ಕಡೆ ಒಮ್ಮೆ ನೋಡಿದ. ಅಲ್ಲಿ ಸಾಮಾನಿನ ಸದ್ದು ನಿಂತಿತ್ತು.

"ಇರಲಿಲ್ಲ," ಎಂದ. "ತೂತು ಕೊರೆದದ್ದು ನಾನೇ. ಕರ್ಕೊಂಡು ಹೋಗಿ."

ಬಾಗಿಲಲ್ಲಿ ನಿಂತಿದ್ದ ಪೇದೆ ಮುಂದೆ ಬಂದ. ಇನ್ಸ್‌ಪೆಕ್ಟರ್ ಕೈ ಎತ್ತಿ ಅವನನ್ನು ತಡೆದಳು. ಇಷ್ಟು ಸುಲಭವಾಗಿ ಒಪ್ಪಿಕೊಂಡವರು ಅವಳ ಕೆಲಸದಲ್ಲಿ ಕಡಿಮೆ. ಒಪ್ಪಿಕೊಂಡವರಲ್ಲಿ ನಿಜ ಹೇಳಿದವರು ಇನ್ನೂ ಕಡಿಮೆ.

"ಹೇಗೆ ಕೊರೆದ್ರಿ?"

"ಡ್ರಿಲ್ಲಲ್ಲಿ."

"ಅದು ಗೊತ್ತು. ಹೇಗೆ?"

"ಸೀಟು ಬಿಚ್ಚಿದ್ದೆನಲ್ಲ, ಆವಾಗ. ನೆಲದ ಮೇಲೆ ಡ್ರಿಲ್ ಇಟ್ಟು ಒತ್ತಿದೆ. ಹೊಸ ಸೀಟು ಕೂರಿಸಿ ಝಾಲರ್ ಬಿಟ್ಟೆ, ಕಾಣದ ಹಾಗೆ."

ಅವಳು ತನ್ನ ತೋರುಬೆರಳನ್ನು ಅವನ ಮುಖದ ಮುಂದೆ ಹಿಡಿದಳು. ಸೀಳು ಈಗ ಒಣಗಿತ್ತು.

"ಮೇಲಿಂದ ಒತ್ತಿದರೆ ತಗಡಿನ ಚೂಪು ಕೆಳಗಡೆ ಏಳುತ್ತೆ. ಇದು ಮೇಲಕ್ಕೆದ್ದಿದೆ, ನನ್ನ ಬೆರಳು ಕುಯ್ತು. ಕೊರೆದವನು ವ್ಯಾನಿನ ಕೆಳಗೆ ಮಲಗಿ ಕೊರೆದಿದ್ದಾನೆ. ನೀವು ಅದನ್ನ ನೋಡೂ ಇಲ್ಲ. ಯಾರಿಗೋಸ್ಕರ ಸುಳ್ಳು ಹೇಳ್ತಿದ್ದೀರಿ?"

ಗೋಡೆಗೆ ಒರಗಿದ್ದವನು ಹಾಗೆಯೇ ಜಾರಿ ನೆಲಕ್ಕೆ ಕೂತ.

"ಅವನನ್ನ ಬಿಡಿ," ಎಂದಳು ಅಕ್ಕ.

ಆ ಕರಗಿದ ಮೈಯಿಂದ ಅಂಥ ತುಂಬು ದನಿ ಬರುತ್ತದೆಂದು ಇನ್ಸ್‌ಪೆಕ್ಟರ್ ಎಣಿಸಿರಲಿಲ್ಲ. ಕೊಳದ ಆಚೆ ದಡಕ್ಕೆ ಕೇಳಿಸುವಂತೆ ಕೂಗಿ ಪಳಗಿದ ದನಿ.

"ಅದನ್ನ ಕೊರೆಸಿದ್ದು ನಾನು."

ಅಕ್ಕ ಲೋಟ ಎತ್ತಿ, ಬಾಯಿಗೆ ತಾಗಿಸಿ, ಕುಡಿಯದೆ ಇಳಿಸಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಅಳಲಿಲ್ಲ, ಎಲ್ಲೂ ನಿಲ್ಲಲೂ ಇಲ್ಲ.

ಅವರ ತಾಯಿ ಸತ್ತದ್ದು ಆಪರೇಷನ್ ಕೋಣೆಯಲ್ಲಿ. ಸಣ್ಣ ಆಪರೇಷನ್, ಸಂಜೆಗೆ ಮನೆ ಎಂದಿದ್ದರು. ಆಗ ಅಕ್ಕನಿಗೆ ಹದಿನಾರು, ತಂಗಿ ಇನ್ನೂ ತೊದಲುತ್ತಿದ್ದಳು. ಅಂದಿನಿಂದ ತಂಗಿಯನ್ನು ಎತ್ತಿ ಆಡಿಸಿ, ಉಣಿಸಿ, ನೀರಿಗಿಳಿಸಿ ಈಜು ಕಲಿಸಿ ಬೆಳೆಸಿದವಳು ಅವಳು. ಈಗ ತಂಗಿಗೂ ತೊದಲುವ ಮಗಳಿದ್ದಾಳೆ. ತಂಗಿ ಆ ಕೋಣೆಯೊಳಗೆ ಹೋಗುವುದನ್ನು ನೋಡುತ್ತ ಹೊರಗೆ ಮಲಗಿರುವುದು ತನ್ನಿಂದ ಆಗದು ಎಂದಳು. ಬೇಡ ಎಂದು ಎಷ್ಟು ಸಲ ಹೇಳಿದರೂ ತಂಗಿ ಕೇಳಲಿಲ್ಲ. ತಾನಾಗಿ ಏನಾದರೂ ಮಾಡಿಕೊಂಡರೆ ತಂಗಿ ಆ ಭಾರ ಹೊತ್ತು ಜೀವನವಿಡೀ ಬೇಯುತ್ತಾಳೆ. ಅದಕ್ಕೆ, ಕಾಯಿಲೆಯಿಂದ ಹೋದಳು ಅಂತ ಎಲ್ಲರೂ ನಂಬುವ ಸಾವು ಬೇಕಾಗಿತ್ತು.

"ಚಾಲಕನಿಗೆ ಹೇಳಿದೆ," ಎಂದಳು. "ಎರಡು ವರ್ಷ ಅವನು ನನ್ನನ್ನ ಎತ್ತಿ ಹತ್ತಿಸಿದವನು, ಎತ್ತಿ ಇಳಿಸಿದವನು. ನನ್ನ ಕಷ್ಟ ಕಂಡವನು. ಮೊದಲು ಬೈದ. ಒಂದು ವಾರ ಮಾತೇ ಬಿಟ್ಟ. ನಾನು ಬಿಡಲಿಲ್ಲ. ಕೊನೆಗೆ ಗಾಡಿ ಕೆಳಗೆ ಮಲಗಿ ಕೊರೆದ, ಪೈಪಿನ ಕ್ಲ್ಯಾಂಪನ್ನೂ ಸಡಿಲ ಮಾಡಿದ."

ಇನ್ಸ್‌ಪೆಕ್ಟರ್‌ಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ಕೊರೆದವನು ಸತ್ತವನೇ. ತೂತಿರುವುದು ಗೊತ್ತಿದ್ದೂ, ಕಿಟಕಿ ಮುಚ್ಚಿ, ಎಂಜಿನ್ ಓಡಿಸಿ, ಅದೇ ಸೀಟಿನ ಮೇಲೆ ಅವನು ಮಲಗಿದ್ದು ಹೇಗೆ? ಅವನಿಗೂ ಸಾಯಬೇಕಿತ್ತೇ?

ಅದನ್ನೇ ಕೇಳಿದಳು. ಅಕ್ಕ ತಲೆಯಾಡಿಸಿದಳು.

"ಒಂದೇ ಒಂದು ಸಲ ಆ ತೂತು ತೆರೆದಿಟ್ಟುಕೊಂಡು ಬಂದ್ವಿ. ಅರ್ಧ ದಾರೀಲಿ ನನಗೆ ವಾಂತಿ ಬಂತು. ಪರದೆ ಆಚೆ ಅವನಿಗೆ ಕೇಳಿಸ್ತು. ಗಾಡಿ ನಿಲ್ಲಿಸಿ, ಬಾಗಿಲು ತೆಗೆದು, ನನ್ನನ್ನ ಎತ್ತಿ ರಸ್ತೆ ಪಕ್ಕ ಮಲಗಿಸಿ ಮಗು ಥರ ಅತ್ತ. ನನ್ನ ಕೈಲಿ ಆಗಲ್ಲ ಅಕ್ಕ, ಇನ್ನೊಂದು ಸಲ ಇದರ ಮಾತೆತ್ತಬೇಡಿ ಅಂದ. ಮಾರನೇ ಸಲ ಬಂದಾಗ ತೂತಿಗೆ ರಬ್ಬರ್ ಬಿರಡೆ ಬಡಿದಿದ್ದ. ಕ್ಲ್ಯಾಂಪು ಬಿಗಿ ಮಾಡಿದ್ದ. ಝಾಲರ್ ಎತ್ತಿ ನನಗೆ ತೋರಿಸಿದ. ನನ್ನ ಕೈ ಹಿಡಿದು ಬಿರಡೆ ಮೇಲೆ ಇಟ್ಟು, ಗಟ್ಟಿಯಾಗಿದೆಯಾ ನೋಡಿ ಅಂದ."

"ಆಮೇಲೆ?"

"ಆಮೇಲೆ ಮೂರು ನಾಲ್ಕು ಸಲ ಹೋಗಿ ಬಂದ್ವಿ. ಏನೂ ಆಗಲಿಲ್ಲ. ನಾನೂ ಬಿಟ್ಟುಬಿಟ್ಟೆ. ಹಣೇಲಿ ಇದ್ದ ಹಾಗೆ ಆಗಲಿ ಅಂದುಕೊಂಡೆ." ಅವಳ ದನಿ ಮೊದಲ ಬಾರಿಗೆ ಒಡೆಯಿತು. "ಆವತ್ತು ನನ್ನನ್ನ ಆಸ್ಪತ್ರೆ ಒಳಗೆ ಬಿಟ್ಟು ಅವನು ಹೊರಟಾಗ ನಾನೇ ಹೇಳಿದೆ. ಬಿಸಿಲಲ್ಲಿ ನಿಂತ್ಕೋಬೇಡ ಕಣೋ, ಏಸಿ ಹಾಕ್ಕೊಂಡು ಹಿಂದೆ ಮಲಗು ಅಂತ."

ಇನ್ಸ್‌ಪೆಕ್ಟರ್ ಮೆಲ್ಲನೆ ಎದ್ದು ನಿಂತಳು. ತನ್ನ ಕೈಯಾರೆ ಮುಚ್ಚಿದ ತೂತಿನ ಮೇಲೆ ಆ ಮನುಷ್ಯ ನೆಮ್ಮದಿಯಿಂದ ಮಲಗಿದ್ದ. ಬಿರಡೆ ಅಲ್ಲಿರಲಿಲ್ಲ. ಕ್ಲ್ಯಾಂಪು ಮತ್ತೆ ಸಡಿಲವಾಗಿತ್ತು. ಅಂದರೆ ಅಕ್ಕ ಬಿಟ್ಟ ಕೆಲಸವನ್ನು ಇನ್ನೊಬ್ಬರು ಕೈಗೆತ್ತಿಕೊಂಡಿದ್ದರು. ಅಕ್ಕನಿಗೇ ಗೊತ್ತಿಲ್ಲದ ಹಾಗೆ, ಈ ಸಲ ಅವಳ ಒಪ್ಪಿಗೆ ಕೇಳದೆ.

ವ್ಯಾನು ವಾರಕ್ಕೆ ಮೂರು ಬೆಳಿಗ್ಗೆ ಈ ಅಂಗಡಿ ಮುಂದೆಯೇ ನಿಲ್ಲುತ್ತಿತ್ತು. ಚಾಲಕ ಅಕ್ಕನನ್ನು ಎತ್ತಿಕೊಳ್ಳಲು ಒಳಗೆ ಬರುವಾಗ ವ್ಯಾನಿನ ಬಾಗಿಲು ತೆರೆದೇ ಇರುತ್ತಿತ್ತು.

"ನೀವಿಬ್ಬರು ಮಾತಾಡಿಕೊಂಡಿದ್ದನ್ನ ಯಾರಾದರೂ ಕೇಳಿದ್ದರಾ? ತೂತಿನ ವಿಷಯ ಇನ್ಯಾರಿಗೆ ಗೊತ್ತಿತ್ತು?"

ಅಕ್ಕನ ಕಣ್ಣು ಇನ್ಸ್‌ಪೆಕ್ಟರ್‌ನ ಹೆಗಲ ಮೇಲಿಂದ ಹಾಯ್ದು ಅಡುಗೆ ಕೋಣೆಯ ಬಾಗಿಲಲ್ಲಿ ನೆಟ್ಟಿತ್ತು.

ಅಲ್ಲಿ ತಂಗಿ ನಿಂತಿದ್ದಳು. ಯಾವಾಗ ಬಂದಳೋ. ಅಕ್ಕನದೇ ಭುಜ, ಅಕ್ಕನದೇ ಗಲ್ಲ. ಕೆನ್ನೆಯ ಮೇಲೆ ಕಣ್ಣೀರು ಇಳಿದು ಒಣಗಿತ್ತು. ಹೆಗಲಲ್ಲಿ ಬಟ್ಟೆಯ ಚೀಲ. ಅದರೊಳಗೆ ಕೈ ಹಾಕಿ, ಏನನ್ನೋ ಮುಷ್ಟಿಯಲ್ಲಿ ಹಿಡಿದು ತಂದು ಸ್ಟೂಲಿನ ಮೇಲೆ, ನೀರಿನ ಲೋಟದ ಪಕ್ಕ ಇಟ್ಟಳು.

ಕಪ್ಪು ರಬ್ಬರ್ ಬಿರಡೆ. ಹೆಬ್ಬೆರಳಿನಷ್ಟು ದಪ್ಪ. ಅಂಚಿನ ಸುತ್ತ ಚೂಪು ತಗಡು ಗೀರಿದ ಗುರುತು.

"ಇದು ಇವತ್ತು ಬೆಳಿಗ್ಗೆ ನನ್ನ ಚೀಲದ ತಳದಲ್ಲಿ ಸಿಕ್ತು," ಎಂದಳು. "ಏನು ಅಂತಾನೇ ಗೊತ್ತಾಗಲಿಲ್ಲ. ಈಗ ಗೊತ್ತಾಯ್ತು."

ನೆಲದ ಮೇಲೆ ಕೂತಿದ್ದ ಗಂಡ ಮುಖ ಮುಚ್ಚಿಕೊಂಡ.

"ಮೊನ್ನೆ ನಾನು ನೋಡಿದೆ ಅದನ್ನ," ಎಂದ, ಬೆರಳ ಸಂದಿಯಿಂದ. "ಮಗುವಿನ ಬಟ್ಟೆ ಹುಡುಕುವಾಗ. ವ್ಯಾನಿಂದು ಅಂತ ಗೊತ್ತಾಯ್ತು. ನೀನೇ ಮಾಡಿದೀಯ ಅಂದ್ಕೊಂಡೆ. ಅದಕ್ಕೇ ನಾನು ಅಂತ ಹೇಳಿದೆ. ನಿನ್ನನ್ನ ಉಳಿಸೋಕೆ."

ತಂಗಿ ಅವನ ಕಡೆ ತಿರುಗಿದಳು. ಆ ಮನೆಯಲ್ಲಿ ಇಷ್ಟು ವರ್ಷ ಯಾರೂ ಕೇಳಿರದ ಸಣ್ಣ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಕೇಳಿದಳು.

"ತೂತಿನ ವಿಷಯ ಹೊರಬಿದ್ದದ್ದೇ ಇವತ್ತು, ಮೊನ್ನೆಯೇ ಅದು ವ್ಯಾನಿಂದು ಅಂತ ನಿಮಗೆ ಹೇಗೆ ಗೊತ್ತಾಯ್ತು? ನನ್ನ ಚೀಲದಲ್ಲಿ ಅದನ್ನ ನೋಡಿದ್ರಾ? ಇಲ್ಲಾ, ಇಟ್ಟಿದ್ರಾ?"